ಬಡ್ಡಿಯಲ್ಲಿ ಹಾಡಿದವರು: ಲಿಯೊಂಟೀನ್ ಪ್ರೈಸ್ ಬಗ್ಗೆ ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಹುಬ್ಬಳ್ಳಿಯವಳು. ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದೇನೆ. ಈಚೆಗೆ 1985ರ ಒಂದು ಹಳೆಯ ವಿಡಿಯೊ ನೋಡಿದೆ. ಅದರಲ್ಲಿ ಲಿಯೊಂಟೀನ್ ಪ್ರೈಸ್ ಎಂಬ ಸೊಪ್ರಾನೊ ಗಾಯಕಿ ‘ಆಯಿದಾ’ ಒಪೆರಾದ ಒಂದು ಹಾಡು ಹಾಡುತ್ತಾರೆ. ಹಾಡು ಮುಗಿದ ಮೇಲೆ ಚಪ್ಪಾಳೆ ನಿಲ್ಲುವುದೇ ಇಲ್ಲ. ಆದರೂ ಅವರು ಬಹಳ ಹೊತ್ತು ನಿಂತಲ್ಲೇ ನಿಂತಿರುತ್ತಾರೆ. ನಮ್ಮಲ್ಲಿ ಯಾರಾದರೂ ‘ವಾಹ್’ ಅಂದರೆ ತಕ್ಷಣ ಕೈ ಮುಗಿಯುತ್ತೇವೆ. ಹಾಗಾದರೆ ಇದು ಗರ್ವವೇ? ಎಲ್ಲರೂ ಅವರನ್ನು ಬಹಳ ಘನತೆಯ ಕಲಾವಿದೆ ಎನ್ನುತ್ತಾರೆ. ಮೈಕ್ ಇಲ್ಲದೆ ಅಷ್ಟು ದೊಡ್ಡ ರಂಗಮಂದಿರ ತುಂಬುವುದು ಹೇಗೆ? ಅವರನ್ನು ಎಲ್ಲಿಂದ ಕೇಳಲು ಶುರು ಮಾಡಲಿ? ಆ ಥರ ದನಿ ತೆಗೆಯಲು ನಾನೂ ಪ್ರಯತ್ನಿಸಬಹುದೇ?

ಉತ್ತರ: ಗರ್ವ ಖಂಡಿತ ಅಲ್ಲ. ಒಪೆರಾದಲ್ಲಿ ಹಾಗೆ ನಿಲ್ಲುವುದೇ ಮರ್ಯಾದೆ.

ಕಛೇರಿಯಲ್ಲಿ ಗಾಯಕರು ತಾವು ತಾವಾಗಿಯೇ ಕೂತಿರುತ್ತಾರೆ. ಕೇಳುವವರು ತಲೆದೂಗಿದರೆ ಇವರು ಕೈ ಮುಗಿದು ಮುಂದಿನ ತಾನಕ್ಕೆ ಹೋಗುತ್ತಾರೆ. ಒಪೆರಾ ಹಾಗಲ್ಲ, ಅದು ಹಾಡಿನಲ್ಲೇ ನಡೆಯುವ ನಾಟಕ. ನೀವು ನೋಡಿದ ಆ ಹೊತ್ತಿನಲ್ಲಿ ರಂಗದ ಮೇಲೆ ಇದ್ದದ್ದು ಆಯಿದಾ. ಅವಳು ಇಥಿಯೋಪಿಯಾದ ರಾಜಕುಮಾರಿ. ಈಜಿಪ್ಟಿನವರ ಕೈಗೆ ಸಿಕ್ಕಿ ಗುಲಾಮಳಾಗಿದ್ದಾಳೆ. ಅವಳು ಪ್ರೀತಿಸಿದ ರಾಡಮೆಸ್ ಶತ್ರು ಸೇನೆಯ ನಾಯಕ. ಮೂರನೇ ಅಂಕದಲ್ಲಿ, ರಾತ್ರಿ ಹೊತ್ತು, ನೈಲ್ ನದಿಯ ದಡದಲ್ಲಿ ಅವನಿಗಾಗಿ ಕಾಯುತ್ತಾ ನಿಂತಿದ್ದಾಳೆ. ಇನ್ನೆಂದೂ ನೋಡಲಾಗದ ತನ್ನ ನಾಡನ್ನು ನೆನೆದು ಹಾಡುತ್ತಾಳೆ. ಅದೇ ‘ಓ ಪಾತ್ರಿಯಾ ಮಿಯಾ’. ಹಾಡು ಮುಗಿದರೆ ಅವಳ ತಂದೆ ಅಮೊನಾಸ್ರೊ ಎದುರು ಬಂದು ನಿಲ್ಲಬೇಕು. ಪ್ರಿಯಕರನ ಬಾಯಿಂದ ಯುದ್ಧದ ಗುಟ್ಟು ಹೊರಡಿಸು ಎಂದು ಮಗಳನ್ನು ಹಿಂಡಬೇಕು. ಮಧ್ಯದಲ್ಲಿ ಅವಳು ಸಭೆಗೆ ನಮಸ್ಕಾರ ಮಾಡಿದರೆ ನೈಲ್ ನದಿಯೂ ಇಲ್ಲ, ರಾತ್ರಿಯೂ ಇಲ್ಲ. ಮುಂದಿನ ದೃಶ್ಯದ ಬಿಗಿಯೆಲ್ಲ ಹೋಗಿಬಿಡುತ್ತದೆ.

ಅಂದು 1985ರ ಜನವರಿ 3. ಜಾಗ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ, ಚಿಕ್ಕದಾಗಿ ‘ಮೆಟ್’. ಒಪೆರಾ ರಂಗದಿಂದ ಪ್ರೈಸ್ ಬೀಳ್ಕೊಂಡ ರಾತ್ರಿ ಅದು, ಟಿವಿಯಲ್ಲೂ ನೇರವಾಗಿ ಬಂತು. ಅವರಿಗೆ 58 ತುಂಬಲು ಒಂದು ತಿಂಗಳಷ್ಟೇ ಬಾಕಿ ಇತ್ತು. ಆ ಹಾಡನ್ನು ಆ ರಂಗದಲ್ಲಿ ಅವರ ಬಾಯಿಂದ ಇನ್ನು ಕೇಳುವುದಿಲ್ಲ ಎಂದು ಜನರಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಕೆಳಗೆ ವಾದ್ಯವೃಂದದ ಮುಂದೆ ಜೇಮ್ಸ್ ಲಿವೈನ್ ಕಾಯುತ್ತಿದ್ದಾರೆ. ಅಮೊನಾಸ್ರೊ ಪಾತ್ರದ ಸೈಮನ್ ಎಸ್ಟಿಸ್ ತಮ್ಮ ಪ್ರವೇಶಕ್ಕೆ ಕಾಯುತ್ತಿದ್ದಾರೆ. ವಿಡಿಯೊವನ್ನು ಇನ್ನೊಮ್ಮೆ ಹಾಕಿಕೊಂಡು ಈ ಸಲ ಪ್ರೈಸ್ ಅವರ ಮುಖವನ್ನಷ್ಟೇ ನೋಡಿ. ಒಳಗೆ ಏನೇನು ಉಕ್ಕುತ್ತಿದೆ, ಅದನ್ನು ಎಷ್ಟು ಕಷ್ಟಪಟ್ಟು ತಡೆದಿದ್ದಾರೆ ಎಂದು ಕಾಣುತ್ತದೆ. ಬೀಳ್ಕೊಡುಗೆ ತನ್ನದೇ ಆದರೂ ನಾಟಕ ಎಲ್ಲರದು ಎಂಬ ಶಿಸ್ತು ಅದು. ನಮಸ್ಕಾರಕ್ಕೆ ಕೊನೆಯ ಪರದೆ ಬಿದ್ದ ಮೇಲೆ ಸಮಯ ಇದ್ದೇ ಇದೆ.

ಆ ಶಿಸ್ತು ಒಂದು ರಾತ್ರಿಯಲ್ಲಿ ಬಂದದ್ದಲ್ಲ. ಹೀಗಾಗಿ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಪ್ರೈಸ್ ಹುಟ್ಟಿದ್ದು 1927ರ ಫೆಬ್ರುವರಿ 10ರಂದು, ಅಮೆರಿಕದ ದಕ್ಷಿಣದ ಮಿಸಿಸಿಪಿ ರಾಜ್ಯದ ಲಾರೆಲ್ ಎಂಬ ಊರಿನಲ್ಲಿ. ಅದು ಮರದ ಮಿಲ್ಲುಗಳ ಊರು. ತಂದೆ ಮಿಲ್ಲಿನಲ್ಲಿ ಕೆಲಸಗಾರ. ತಾಯಿ ಸೂಲಗಿತ್ತಿ, ಚರ್ಚಿನಲ್ಲಿ ಹಾಡುತ್ತಿದ್ದರು. ಕಪ್ಪು ಜನರಿಗೆ ಬೇರೆ ಶಾಲೆ, ಬೇರೆ ಬಾಗಿಲು, ಬಸ್ಸಿನಲ್ಲಿ ಬೇರೆ ಸೀಟು ಇದ್ದ ಕಾಲ. ಮಗಳಿಗೆ ಸಂಗೀತದಲ್ಲಿ ಆಸೆ ಇರುವುದನ್ನು ಕಂಡು ತಂದೆ ತಾಯಿ ಮನೆಯ ಗ್ರಾಮಫೋನನ್ನು ಕೊಟ್ಟು, ಅದನ್ನೇ ಮುಂಗಡವಾಗಿ ಹಿಡಿಸಿ ಒಂದು ಪಿಯಾನೊ ತಂದರು. ಆಗ ಮಗಳು ಇನ್ನೂ ಶಿಶುವಿಹಾರದ ವಯಸ್ಸಿನವಳು.

ಹುಡುಗಿಯಾಗಿದ್ದಾಗ ಜಾಕ್ಸನ್ ನಗರದಲ್ಲಿ ಮರಿಯನ್ ಆಂಡರ್ಸನ್ ಅವರ ಹಾಡುಗಾರಿಕೆ ಕೇಳಿದ್ದು ಪ್ರೈಸ್ ಬದುಕಿನ ದೊಡ್ಡ ತಿರುವು. ಆಂಡರ್ಸನ್ ಕೂಡ ಕಪ್ಪು ಗಾಯಕಿ. 1939ರಲ್ಲಿ ವಾಷಿಂಗ್ಟನ್ನಿನ ದೊಡ್ಡ ಸಭಾಂಗಣವೊಂದನ್ನು ಬಣ್ಣದ ಕಾರಣಕ್ಕೆ ಅವರಿಗೆ ಕೊಡಲಿಲ್ಲ. ಅವರು ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ನಿಂತು ಹಾಡಿದರು. ಕಟುವಾದ ಒಂದು ಮಾತಿಲ್ಲದೆ, ಬರೀ ನಿಲುವಿನಿಂದ ಉತ್ತರ ಕೊಟ್ಟವರು ಆಂಡರ್ಸನ್. ಪ್ರೈಸ್ ತಮ್ಮ ಇಡೀ ವೃತ್ತಿಜೀವನದಲ್ಲಿ ಅವರ ಋಣವನ್ನು ಹೇಳಿಕೊಳ್ಳುತ್ತಲೇ ಬಂದರು.

ಆದರೆ ಒಪೆರಾ ಹಾಡುತ್ತೇನೆ ಎಂದು ಅವರು ಮನೆಯಿಂದ ಹೊರಟವರಲ್ಲ. ಒಹಾಯೊ ರಾಜ್ಯದ ವಿಲ್ಬರ್‌ಫೋರ್ಸ್‌ನಲ್ಲಿ ಸಂಗೀತ ಶಿಕ್ಷಕಿಯಾಗುವ ಓದಿಗೆ ಸೇರಿದರು. ಅಲ್ಲಿ ದನಿ ಕೇಳಿದವರೇ ಬೇರೆ ದಾರಿ ತೋರಿಸಿದರು. ನ್ಯೂಯಾರ್ಕಿನ ಜೂಲಿಯಾರ್ಡ್ ಶಾಲೆಯ ಖರ್ಚಿಗೆ ಹೆಸರಾಂತ ಕಪ್ಪು ಗಾಯಕ ಪಾಲ್ ರೋಬ್ಸನ್ ಒಂದು ಸಹಾಯಾರ್ಥ ಕಾರ್ಯಕ್ರಮದಲ್ಲಿ ಹಾಡಿಕೊಟ್ಟರು. ಲಾರೆಲ್‌ನ ಚಿಸಮ್ ಎಂಬ ಶ್ರೀಮಂತ ಬಿಳಿಯ ಕುಟುಂಬವೂ ಕೈಹಿಡಿಯಿತು. ಪ್ರೈಸ್ ಅವರ ಸಂಬಂಧಿಯೊಬ್ಬರು ಅದೇ ಮನೆಯಲ್ಲಿ ಕೆಲಸಕ್ಕಿದ್ದರು. ಆ ಕಾಲದ ಮಿಸಿಸಿಪಿಯಲ್ಲಿ ಅಂಥ ಮನೆಯಿಂದ ಇಂಥ ಹುಡುಗಿಗೆ ನೆರವು ಬಂದದ್ದು ಸಣ್ಣ ವಿಷಯ ಅಲ್ಲ.

ಜೂಲಿಯಾರ್ಡ್‌ನಲ್ಲಿ ಸಿಕ್ಕ ಗುರು ಫ್ಲಾರೆನ್ಸ್ ಪೇಜ್ ಕಿಂಬಲ್. ಅವರು ಕಲಿಸಿದ ಒಂದು ಪಾಠವನ್ನು ಪ್ರೈಸ್ ಕೊನೆಯವರೆಗೂ ಹೇಳುತ್ತಿದ್ದರು. ದನಿಯ ಬಡ್ಡಿಯಲ್ಲಿ ಹಾಡಬೇಕು, ಅಸಲಿಗೆ ಕೈ ಹಾಕಬಾರದು. ನನ್ನ ಪ್ರಕಾರ ಪ್ರೈಸ್ ಅವರ ಇಡೀ ಕಥೆ ಈ ಪಾಠದಲ್ಲಿದೆ. ಜನ ಮೆಚ್ಚುವ ಆ ಘನತೆಯೂ ಇಲ್ಲಿಂದಲೇ ಬಂದದ್ದು. ತನ್ನ ಹತ್ತಿರ ಎಷ್ಟಿದೆ ಎಂದು ಸರಿಯಾಗಿ ಗೊತ್ತಿದ್ದವರಿಗೆ ಬೇಡ ಎನ್ನುವುದು ಸುಲಭ. ಪ್ರೈಸ್ ಯಾವಾಗ ಯಾವುದಕ್ಕೆ ಬೇಡ ಎಂದರು ಎಂಬುದನ್ನು ನೋಡುತ್ತಾ ಹೋಗಿ, ಅವರ ಬೆಳವಣಿಗೆ ತಾನಾಗಿ ತಿಳಿಯುತ್ತದೆ.

1952ರಲ್ಲಿ ‘ಪೋರ್ಗಿ ಅಂಡ್ ಬೆಸ್’ ಒಪೆರಾದ ತಂಡದಲ್ಲಿ ಬೆಸ್ ಪಾತ್ರ ಸಿಕ್ಕಿತು. ಆ ಪ್ರವಾಸ ಅವರನ್ನು ಯುರೋಪಿಗೂ ಕರೆದೊಯ್ದಿತು. ಪೋರ್ಗಿ ಆಗಿದ್ದ ವಿಲಿಯಂ ವಾರ್‌ಫೀಲ್ಡ್ ಅವರನ್ನು ಅದೇ ವರ್ಷ ಮದುವೆಯಾದರು. ಇಬ್ಬರ ದಾರಿ ಬೇಗ ಬೇರೆಯಾಯಿತು. 1955ರ ಜನವರಿಯಲ್ಲಿ ಎನ್‌ಬಿಸಿ ಟಿವಿಯಲ್ಲಿ ‘ತೋಸ್ಕಾ’ ಹಾಡಿದರು. ದಕ್ಷಿಣದ ಕೆಲವು ಊರುಗಳ ಟಿವಿ ಕೇಂದ್ರಗಳು ಅದನ್ನು ಪ್ರಸಾರ ಮಾಡಲು ಒಪ್ಪಲಿಲ್ಲ. ಅದೇ ತಿಂಗಳು ಮೆಟ್‌ನಲ್ಲಿ ಮರಿಯನ್ ಆಂಡರ್ಸನ್ ಮೊದಲ ಸಲ ಹಾಡಿದ್ದರು. ಆ ರಂಗದಲ್ಲಿ ಮುಖ್ಯ ಪಾತ್ರ ಹಾಡಿದ ಮೊದಲ ಕಪ್ಪು ಕಲಾವಿದೆ ಅವರು. ಆಗ ಅವರ ವಯಸ್ಸು 57, ದನಿಯ ಒಳ್ಳೆಯ ಕಾಲ ಆಗಲೇ ಹೋಗಿತ್ತು. ಅದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

1957ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ದೊಡ್ಡ ಒಪೆರಾ ರಂಗಕ್ಕೆ ಕಾಲಿಟ್ಟರು. ಅಲ್ಲಿ ಆಯಿದಾ ಹಾಡಬೇಕಿದ್ದ ಇಟಲಿಯ ಗಾಯಕಿಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ಆ ಪಾತ್ರ ಪ್ರೈಸ್ ಪಾಲಿಗೆ ಬಂತು. ಮಾರನೇ ವರ್ಷ ಪ್ರೈಸ್ ಅವರನ್ನು ವಿಯೆನ್ನಾಗೆ ಕರೆಸಿಕೊಂಡವರು ವಾದ್ಯವೃಂದ ನಿರ್ದೇಶಕ ಹರ್ಬರ್ಟ್ ಫಾನ್ ಕಾರಯಾನ್. ಅದೂ ಆಯಿದಾ. ಅದೇ ವರ್ಷ ಲಂಡನ್ನಿನಲ್ಲಿ, 1960ರಲ್ಲಿ ಮಿಲಾನಿನ ಲಾ ಸ್ಕಾಲಾದಲ್ಲಿ ಕೂಡ ಅದೇ ಪಾತ್ರ.

ಈ ನಡುವೆ ಮೆಟ್‌ನಿಂದಲೂ ಕರೆ ಬಂತು, ಅದೂ ಆಯಿದಾಗಾಗಿ. ಯಾವ ಯುವ ಗಾಯಕಿಯಾದರೂ ಓಡಿ ಹೋಗುವ ಕರೆ ಅದು. ಪ್ರೈಸ್ ಬೇಡ ಎಂದರು. ಅವರಿಗೆ ಆ ಸಲಹೆ ಕೊಟ್ಟವರು ಎನ್‌ಬಿಸಿ ಒಪೆರಾದ ಪೀಟರ್ ಹರ್ಮನ್ ಆಡ್ಲರ್. ದೇಶದ ಅತಿ ದೊಡ್ಡ ರಂಗಕ್ಕೆ ಈಕೆ ಮೊದಲ ಸಲ ಹೋಗುವಾಗ ಗುಲಾಮಳ ವೇಷದಲ್ಲಿ ಹೋಗಬಾರದು, ಮನೆತನದ ಹೆಣ್ಣಾಗಿ ಹೋಗಬೇಕು ಎಂಬುದು ಅವರ ಮಾತಿನ ಸಾರ. ಆಯಿದಾ ಪ್ರೈಸ್ ಅವರ ಅತಿ ಪ್ರೀತಿಯ ಪಾತ್ರ, ಅದರ ಮೇಲೆ ಕೋಪವೇನೂ ಇರಲಿಲ್ಲ. ಆದರೆ ಕಪ್ಪು ಗಾಯಕಿ ಅಂದರೆ ಆಯಿದಾಗೆ ಮಾತ್ರ ಸರಿ ಎನ್ನುವ ಸದರ ಬೆಳೆಯಬಾರದು, ಅಲ್ವಾ? ಇನ್ನೂ ಹೆಸರಾಗದ ಕಾಲದಲ್ಲಿ ಅಂಥ ಬಾಗಿಲನ್ನು ತಾವೇ ಮುಚ್ಚಿ ಕಾಯುವುದಕ್ಕೆ ಎಷ್ಟು ಗಟ್ಟಿತನ ಬೇಕು, ಯೋಚಿಸಿ.

ಕಾದದ್ದಕ್ಕೆ ಫಲ ಸಿಕ್ಕಿತು. 1961ರ ಜನವರಿ 27ರಂದು, ‘ಆಯಿದಾ’ ಬರೆದ ವೆರ್ದಿಯದೇ ಆದ ‘ಇಲ್ ತ್ರೊವತೋರೆ’ಯಲ್ಲಿ ಲಿಯೊನೋರಾ ಆಗಿ ಮೆಟ್‌ಗೆ ಬಂದರು. ಲಿಯೊನೋರಾ ರಾಣಿವಾಸದ ಹೆಣ್ಣು. ಜೊತೆಗೆ ಹಾಡಿದ ಫ್ರಾಂಕೊ ಕೊರೆಲಿಗೂ ಅದು ಅಲ್ಲಿ ಮೊದಲ ರಾತ್ರಿ. ಕೊನೆಯಲ್ಲಿ ಚಪ್ಪಾಳೆ 40 ನಿಮಿಷ ದಾಟಿತು ಎಂದು ಇಂದಿಗೂ ಹೇಳುತ್ತಾರೆ. ಆ ಒಂದೇ ಪ್ರದರ್ಶನ ಋತುವಿನಲ್ಲಿ ಐದು ಪಾತ್ರ ಹಾಡಿದರು: ಲಿಯೊನೋರಾ, ಆಯಿದಾ, ಮದಾಮ್ ಬಟರ್‌ಫ್ಲೈ, ಮೊಝಾರ್ಟನ ಡೊನಾ ಆನಾ, ‘ತುರಾಂದೊತ್’ನ ಲಿಯು. ಮಾರ್ಚಿನಲ್ಲಿ ‘ಟೈಮ್’ ಪತ್ರಿಕೆಯ ಮುಖಪುಟಕ್ಕೆ ಬಂದರು. ಇಲ್ಲಿ ಒಂದು ಮಾತು ಹೇಳಬೇಕು. ಬಾಗಿಲು ತೆಗೆದ ಮೊದಲಿಗಳು ಆಂಡರ್ಸನ್, ಅದರ ನಂತರ ರಾಬರ್ಟ್ ಮೆಕ್‌ಫೆರಿನ್, ಮ್ಯಾಟಿವಿಲ್ಡಾ ಡಾಬ್ಸ್ ಬಂದಿದ್ದರು. ಪ್ರೈಸ್ ಮೊದಲಿಗಳಲ್ಲ. ಆದರೆ ಆ ಮನೆಯ ಪ್ರಧಾನ ಗಾಯಕಿಯಾಗಿ ವರ್ಷಗಟ್ಟಲೆ ನೆಲೆ ನಿಂತ ಮೊದಲ ಕಪ್ಪು ಹೆಣ್ಣು ಅವರೇ.

ಆ ವರ್ಷ ಅಕ್ಟೋಬರಿನಲ್ಲಿ ಮೆಟ್‌ನ ಹೊಸ ಋತುವನ್ನು ಅವರೇ ಶುರು ಮಾಡಿದರು, ಪುಚ್ಚೀನಿಯ ‘ಲಾ ಫಾನ್ಚುಲ್ಲಾ ದೆಲ್ ವೆಸ್ಟ್’ನ ಮಿನಿ ಪಾತ್ರದಲ್ಲಿ. ವಾದ್ಯಗಾರರ ಸಂಬಳದ ಜಗಳದಿಂದ ಋತುವೇ ನಿಲ್ಲುವಂತಿತ್ತು. ಕೆನಡಿ ಸರ್ಕಾರದ ಕಾರ್ಮಿಕ ಕಾರ್ಯದರ್ಶಿ ಮಧ್ಯೆ ಬಂದು ಸರಿ ಮಾಡಬೇಕಾಯಿತು. ಮೊದಲ ರಾತ್ರಿ ಚೆನ್ನಾಗಿ ಆಯಿತು. ಎರಡನೇ ಪ್ರದರ್ಶನದಲ್ಲಿ ದನಿ ಕೈಕೊಟ್ಟಿತು. ಎರಡನೇ ಅಂಕದ ಕೊನೆಯ ಸಾಲುಗಳನ್ನು ಹಾಡಲಾಗದೆ ಮಾತಿನಲ್ಲೇ ಹೇಳಿ ಮುಗಿಸಿದರು. ಮೂರನೇ ಅಂಕಕ್ಕೆ ಅವರ ಬದಲು ಇನ್ನೊಬ್ಬ ಗಾಯಕಿ ಡೊರೊತಿ ಕರ್ಸ್ಟನ್ ಬಂದರು. ಅತಿ ಹೆಚ್ಚು ಕೆಲಸ, ಅತಿ ಭಾರದ ವಾದ್ಯವೃಂದ. ಅಸಲಿಗೆ ಕೈ ಬಿದ್ದಿತ್ತು.

ಪ್ರೈಸ್ ನನಗೆ ದೊಡ್ಡವರಾಗಿ ಕಾಣುವುದು ಇಲ್ಲಿ. ಅವರು ಹಟ ಹಿಡಿಯಲಿಲ್ಲ. ವಿಶ್ರಾಂತಿ ತೆಗೆದುಕೊಂಡರು. ಮುಂದೆ ಆ ಪಾತ್ರವನ್ನೇ ಬಿಟ್ಟರು. ಕಾರ್ಯಕ್ರಮಗಳ ಸಂಖ್ಯೆ ಇಳಿಸಿದರು. ಮೆಟ್‌ನಲ್ಲಿ 1961ರಿಂದ 1985ರವರೆಗೆ ಅವರು ಹಾಡಿದ್ದು 16 ಪಾತ್ರ, 201 ಪ್ರದರ್ಶನ. ಅಷ್ಟು ಹೆಸರಿನ ಗಾಯಕಿಗೆ ಇದು ಕಡಿಮೆ ಸಂಖ್ಯೆ. ‘ಕಾರ್ಮೆನ್’ ಅನ್ನು ಕಾರಯಾನ್ ಜೊತೆ ರೆಕಾರ್ಡ್ ಮಾಡಿದರು, ರಂಗದ ಮೇಲೆ ಎಂದೂ ಹಾಡಲಿಲ್ಲ. ಮೈಕಿನ ಮುಂದೆ ಮಾಡಬಹುದಾದದ್ದನ್ನು ರಂಗದ ಮೇಲೆ ಪ್ರತಿ ವಾರ ಮಾಡಿದರೆ ದನಿ ಸವೆಯುತ್ತದೆ ಎಂಬ ಲೆಕ್ಕ ಅವರಿಗಿತ್ತು.

ಈಗ ಮೈಕಿನ ಮಾತಿಗೇ ಬರೋಣ.

ಈಗಿನ ಮೆಟ್ ರಂಗಮಂದಿರದಲ್ಲಿ ಸುಮಾರು 3,800 ಸೀಟುಗಳಿವೆ. ಕೆಳಗೆ ಹಳ್ಳದಲ್ಲಿ ಪೂರ್ತಿ ವಾದ್ಯವೃಂದ. ಗಾಯಕಿಗೆ ಮೈಕ್ ಇಲ್ಲ. ನಮ್ಮ ಹಳೆಯ ಕಂಪನಿ ನಾಟಕದವರೂ ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿನವರಿಗೆ ಹಾಡು ಮುಟ್ಟಿಸಿದವರೇ. ಆದರೆ ಅವರ ಜೊತೆಗಿದ್ದದ್ದು ಹಾರ್ಮೋನಿಯಂ, ತಬಲಾ. ಇಲ್ಲಿ ಹತ್ತಾರು ಪಿಟೀಲು, ಕಹಳೆ, ನಗಾರಿ. ಅವುಗಳ ಸದ್ದನ್ನು ಜೋರಿನಿಂದ ಮೀರಿಸಲು ಯಾವ ಗಂಟಲಿಗೂ ಆಗುವುದಿಲ್ಲ. ಹಾಗಾಗಿ ಸಂದು ಹುಡುಕಬೇಕು.

ವಾದ್ಯವೃಂದದ ಸದ್ದು ಜಾಸ್ತಿ ಗಟ್ಟಿಯಾಗಿರುವುದು ಸುಮಾರು 500 ಹರ್ಟ್ಸ್ ಆಸುಪಾಸು. ಅದರ ಮೇಲೆ ಹೋದಂತೆ ಬಲ ಇಳಿಯುತ್ತದೆ. ನಮ್ಮ ಕಿವಿ ಬಹಳ ಚುರುಕಾಗಿರುವುದು 2,000ದಿಂದ 4,000 ಹರ್ಟ್ಸ್ ನಡುವೆ. ತರಬೇತಾದ ಒಪೆರಾ ಗಾಯಕರು, ಅದರಲ್ಲೂ ಗಂಡಸರು ಮತ್ತು ಕೆಳದನಿಯ ಹೆಂಗಸರು, ಗಂಟಲ ಒಳಗಿನ ಜಾಗವನ್ನು ಹದ ಮಾಡಿ ಸುಮಾರು 3,000 ಹರ್ಟ್ಸ್ ಹತ್ತಿರ ದನಿಗೆ ಒಂದು ಹೊಳಪು ತರುತ್ತಾರೆ. ಧ್ವನಿಪೆಟ್ಟಿಗೆ ಕೆಳಗೆ ನೆಮ್ಮದಿಯಾಗಿ ಕೂತಿರುತ್ತದೆ, ಬಾಯಿಯ ಅಂಗುಳದ ಹಿಂಭಾಗ ಮೇಲಕ್ಕೆದ್ದಿರುತ್ತದೆ. ವಾದ್ಯಗಳು ಖಾಲಿ ಬಿಟ್ಟ ಜಾಗದಲ್ಲಿ ಆ ಹೊಳಪು ತೂರಿ ಬಂದು ಕಿವಿಗೆ ಮುಟ್ಟುತ್ತದೆ.

ಸೊಪ್ರಾನೊ ಅಂದರೆ ಹೆಣ್ಣುದನಿಗಳಲ್ಲೇ ಎತ್ತರದ್ದು. ತುಂಬ ಮೇಲೆ ಹೋದಾಗ ಅವರ ಉಪಾಯ ಬೇರೆ. ದವಡೆ ಇಳಿಸಿ, ಬಾಯಿ ಅಗಲಿಸಿ, ಬಾಯಿಯೊಳಗಿನ ಅನುರಣನವನ್ನು ಹಾಡುವ ಸ್ವರಕ್ಕೇ ಕೂಡಿಸುತ್ತಾರೆ. ಆಗ ಕಡಿಮೆ ಉಸಿರಿಗೆ ಜಾಸ್ತಿ ನಾದ ಹುಟ್ಟುತ್ತದೆ. ಇದಕ್ಕೆ ಒಂದು ಬೆಲೆ ಇದೆ. ಆ ಎತ್ತರದಲ್ಲಿ ‘ಅ’, ‘ಇ’, ‘ಉ’ ಎಲ್ಲವೂ ಹೆಚ್ಚುಕಡಿಮೆ ಒಂದೇ ಥರ ಕೇಳಿಸುತ್ತವೆ. ಮಾತು ತಿಳಿಯುತ್ತಿಲ್ಲ ಎಂದು ಹೊಸಬರು ದೂರುವುದು ಇದಕ್ಕೇ. ಅದರಲ್ಲಿ ಗಾಯಕಿಯ ತಪ್ಪು ಇಲ್ಲ.

‘ಓ ಪಾತ್ರಿಯಾ ಮಿಯಾ’ದ ತುತ್ತತುದಿಯ ಸ್ವರ ಸುಮಾರು 1,046 ಹರ್ಟ್ಸ್. ನಿಮ್ಮ ಷಡ್ಜ ಬಿಳಿ ಆರು ಅಂದುಕೊಳ್ಳೋಣ. ತಾರ ಷಡ್ಜ ಹತ್ತಿ, ಅದರ ಮೇಲಿನ ಷಡ್ಜವನ್ನೂ ದಾಟಿ, ಹೆಚ್ಚುಕಡಿಮೆ ಕೋಮಲ ಗಾಂಧಾರಕ್ಕೆ ಹೋಗಿ ನಿಂತಂತೆ! ಅಲ್ಲಿ ವೆರ್ದಿ ಬರೆದ ಸೂಚನೆ ಏನು ಗೊತ್ತೇ? ಮಧುರವಾಗಿ ಹಾಡಿ ಎಂದು. ಆ ಸ್ವರವನ್ನು ಕೂಗಿ ಮುಟ್ಟುವವರು ಬಹಳ ಜನ ಇದ್ದಾರೆ. ಮೆಲ್ಲಗೆ ಮುಟ್ಟಿ, ಹಿಡಿದು, ಒಡೆಯದೆ ಇಳಿಯುವವರು ಬೆರಳೆಣಿಕೆ. ಅದಕ್ಕೆ ಬೇಕಾದದ್ದು ಉಸಿರಿನ ಹತೋಟಿ. ಉಸಿರು ಬಿಡುವಾಗಲೂ ಪಕ್ಕೆಲುಬುಗಳು ಹಿಗ್ಗಿಯೇ ಇರಬೇಕು, ವಪೆ ನಿಧಾನಕ್ಕೆ ಮೇಲೇರಬೇಕು. ಪ್ರೈಸ್ ಮೇಲಿನ ಸ್ವರಗಳನ್ನು ಹಿಡಿದಾಗ ಭುಜ ಏಳುವುದಿಲ್ಲ, ಕತ್ತಿನ ನರ ಉಬ್ಬುವುದಿಲ್ಲ. ವಿದ್ಯಾರ್ಥಿಗಳಿಗೆ ಸದ್ದು ನಿಲ್ಲಿಸಿ ಆ ವಿಡಿಯೊ ಬರೀ ನೋಡಿ ಎಂದು ನಾನು ಹೇಳುವುದುಂಟು.

ಇನ್ನು ಆ ದನಿಯ ಬಣ್ಣ. ಕೆಳಗೆ ಸ್ವಲ್ಪ ಹೊಗೆ ಕವಿದಂತೆ, ಗಾಢ. ಮೇಲೆ ಹೋದಂತೆ ಬೆಳಕು ತೆರೆದುಕೊಳ್ಳುತ್ತದೆ. ಕಂಪನ ಸಣ್ಣದು, ವೇಗದ್ದು, ದನಿಗೆ ಒಂದು ಮಿಡಿತ ಕೊಡುತ್ತದೆ. ಎಲ್ಲವೂ ಸರಿ ಇತ್ತು ಎಂದು ನಾನು ಹೇಳುವುದಿಲ್ಲ. ನಂತರದ ವರ್ಷಗಳಲ್ಲಿ ಕೆಳಸ್ಥಾಯಿ ಒರಟಾಯಿತು, ಸ್ವರಕ್ಕೆ ಕೆಳಗಿನಿಂದ ಜಾರಿಕೊಂಡು ಹೋಗುವ ಅಭ್ಯಾಸ ಹೆಚ್ಚಾಯಿತು. ಅಭಿನಯದಲ್ಲಿ ಇನ್ನೊಬ್ಬ ಹೆಸರಾಂತ ಸೊಪ್ರಾನೊ ಮರಿಯಾ ಕಲಾಸ್ ಅವರ ಬೆಂಕಿ ಇವರಲ್ಲಿ ಇರಲಿಲ್ಲ. ಆದರೆ ವೆರ್ದಿಯ ಉದ್ದ ಉದ್ದದ ಸಾಲುಗಳನ್ನು ಒಂದೇ ಉಸಿರಿನ ಹರಿವಿನಲ್ಲಿ, ಇಷ್ಟು ಸೊಂಪಾಗಿ ಹಾಡಿದವರನ್ನು ನಾನು ಬೇರೆ ಕೇಳಿಲ್ಲ. ತನ್ನ ದನಿ ತನಗೆ ಇಷ್ಟ ಎಂದು ಪ್ರೈಸ್ ಬಹಿರಂಗವಾಗಿಯೇ ಹೇಳುತ್ತಿದ್ದರು. ಕೆಲವರಿಗೆ ಅದು ಜಂಬ ಎನಿಸಿರಬಹುದು. ನನಗೆ ಹಾಗೆ ಅನಿಸುವುದಿಲ್ಲ. ನೀನು ಈ ಬಾಗಿಲಿನಿಂದ ಬರಬೇಡ ಎನ್ನುವ ಊರಿನಲ್ಲಿ ಬೆಳೆದ ಹೆಣ್ಣು ತನ್ನಲ್ಲಿರುವುದು ಸೊಗಸಾಗಿದೆ ಎಂದು ಒಪ್ಪಿಕೊಂಡು ಅದನ್ನು ಜೋಪಾನ ಮಾಡಿದ್ದು ಅದು.

ಅವರ ಸೌಜನ್ಯಕ್ಕೆ ನಿಜವಾದ ಪರೀಕ್ಷೆ ಬಂದದ್ದು 1966ರಲ್ಲಿ. ಮೆಟ್ ಹಳೆಯ ಕಟ್ಟಡ ಬಿಟ್ಟು ಲಿಂಕನ್ ಸೆಂಟರಿನ ಹೊಸ ರಂಗಮಂದಿರಕ್ಕೆ ಬಂತು. ಸೆಪ್ಟೆಂಬರ್ 16ರ ಉದ್ಘಾಟನೆಗೆ ಸ್ಯಾಮ್ಯುಯೆಲ್ ಬಾರ್ಬರ್ ‘ಆಂಟನಿ ಅಂಡ್ ಕ್ಲಿಯೋಪಾತ್ರಾ’ ಎಂಬ ಹೊಸ ಒಪೆರಾ ಬರೆದರು. ಕ್ಲಿಯೋಪಾತ್ರಾಳ ಪಾತ್ರವನ್ನು ಪ್ರೈಸ್ ದನಿಗೆಂದೇ ಹೊಲಿದಿದ್ದರು. ನಿರ್ದೇಶನ ಫ್ರಾಂಕೊ ಝೆಫಿರೆಲ್ಲಿ ಅವರದು. ರಂಗದ ಮೇಲೆ ಜನವೋ ಜನ, ಪ್ರಾಣಿಗಳು, ಭಾರೀ ವೇಷಭೂಷಣ. ತಿರುಗುವ ರಂಗದ ಯಂತ್ರ ಕೆಟ್ಟಿತು. ತಾಲೀಮಿನ ಹೊತ್ತಿನಲ್ಲಿ ಪ್ರೈಸ್ ಪಿರಮಿಡ್ಡಿನ ಒಳಗೇ ಸಿಕ್ಕಿಹಾಕಿಕೊಂಡರು. ಉದ್ಘಾಟನೆಯ ಮಾರನೆಯ ದಿನ ವಿಮರ್ಶಕರು ಒಪೆರಾವನ್ನು ಹರಿದು ಹಾಕಿದರು. ಬಾರ್ಬರ್ ಆ ಪೆಟ್ಟಿನಿಂದ ಸುಧಾರಿಸಿಕೊಳ್ಳಲು ವರ್ಷಗಳೇ ಬೇಕಾದವು.

ಪ್ರೈಸ್ ಏನು ಮಾಡಿದರು? ಗೆಳೆಯನ ಸಂಗೀತವನ್ನು ಕೈಬಿಡಲಿಲ್ಲ. ಆ ಒಪೆರಾದ ಕ್ಲಿಯೋಪಾತ್ರಾಳ ಎರಡು ದೃಶ್ಯಗಳನ್ನು ಕಛೇರಿ ವೇದಿಕೆಗೆ ತಂದು ಹಾಡಿದರು, ರೆಕಾರ್ಡ್ ಕೂಡ ಮಾಡಿದರು. ಅವರಿಬ್ಬರ ಸಂಬಂಧ ಹಳೆಯದು. 1953ರಲ್ಲಿ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಬಾರ್ಬರ್ ಅವರ ‘ಹರ್ಮಿಟ್ ಸಾಂಗ್ಸ್’ ಅನ್ನು ಮೊದಲು ಹಾಡಿದವರು ಪ್ರೈಸ್, ಪಿಯಾನೊ ನುಡಿಸಿದವರು ಸ್ವತಃ ಬಾರ್ಬರ್. ಆಗ ಪ್ರೈಸ್ ಇನ್ನೂ ಯಾರಿಗೂ ಅಷ್ಟು ಗೊತ್ತಿರಲಿಲ್ಲ, ಬಾರ್ಬರ್ ಹೆಸರಾಂತವರು. ತನ್ನ ಮೇಲೆ ಮೊದಲು ನಂಬಿಕೆ ಇಟ್ಟವರು ಸೋತಾಗ ಅವರ ಪಕ್ಕದಲ್ಲಿ ಗಟ್ಟಿಯಾಗಿ ನಿಲ್ಲುವುದು ಎಲ್ಲರಿಂದ ಆಗುವ ಕೆಲಸ ಅಲ್ಲ.

ಆ ಬಳಿಕ ಒಪೆರಾ ನಿಧಾನಕ್ಕೆ ಕಡಿಮೆ ಮಾಡಿ ಪಿಯಾನೊ ಜೊತೆಗಿನ ಕಛೇರಿಗಳಿಗೆ ಹೆಚ್ಚು ಒತ್ತು ಕೊಟ್ಟರು. ಪಿಯಾನೊ ವಾದಕ ಡೇವಿಡ್ ಗಾರ್ವಿ ದಶಕಗಳ ಕಾಲ ಅವರ ಜೊತೆಗಿದ್ದರು. ಒಪೆರಾ ಬಿಟ್ಟ ಮೇಲೂ ಹತ್ತು ವರ್ಷಕ್ಕಿಂತ ಜಾಸ್ತಿ ಈ ಕಛೇರಿಗಳು ನಡೆದವು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಕಾರ್ನೆಗಿ ಹಾಲ್‌ನಲ್ಲಿ ಸತ್ತವರ ನೆನಪಿಗೆ ನಡೆದ ಕಾರ್ಯಕ್ರಮಕ್ಕೆ ಅವರನ್ನು ಕರೆದರು. ಆಗ ಅವರಿಗೆ 74. ನಿವೃತ್ತಿ ಮುರಿದು ಬಂದು ಒಂದು ಭಕ್ತಿಗೀತೆ ಹಾಡಿದರು. ಆಮೇಲೆ ಯಾವ ವಾದ್ಯವೂ ಇಲ್ಲದೆ ‘ಗಾಡ್ ಬ್ಲೆಸ್ ಅಮೆರಿಕ’ ಹಾಡಿದರು. 1985ರಲ್ಲೇ ಒಪೆರಾ ಬಿಟ್ಟವರಿಗೆ ಆ ವಯಸ್ಸಿನಲ್ಲೂ ಮೇಲಿನ ಸ್ವರ ಉಳಿದಿತ್ತು. ಬಡ್ಡಿಯಲ್ಲಿ ಹಾಡಿದವರ ಹತ್ತಿರ ಮಾತ್ರ ಅದು ಇರುತ್ತದೆ.

ಕೇಳುವುದಕ್ಕೆ ಎಲ್ಲಿಂದ ಶುರು ಮಾಡಲಿ ಎಂದಿರಿ. ಪೂರ್ತಿ ಒಪೆರಾ ಬೇಡ, ಮೂರು ಗಂಟೆ ಕೂತು ಬೇಸರವಾಗಿ ಬಿಟ್ಟುಬಿಡುತ್ತೀರಿ. 1960ರ ಆಸುಪಾಸಿನಲ್ಲಿ ರೋಮ್‌ನಲ್ಲಿ ರೆಕಾರ್ಡ್ ಮಾಡಿದ ವೆರ್ದಿ ಮತ್ತು ಪುಚ್ಚೀನಿ ಹಾಡುಗಳ ಒಂದು ಆಲ್ಬಂ ಇದೆ. ರಸಿಕರು ಅದನ್ನು ‘ಬ್ಲೂ ಆಲ್ಬಂ’ ಎನ್ನುತ್ತಾರೆ. ಅದರಲ್ಲಿ ಪುಚ್ಚೀನಿಯ ‘ಲಾ ರೊಂದಿನೆ’ಯಿಂದ ಆಯ್ದ, ದೊರೆತ್ತಾಳ ಕನಸಿನ ಹಾಡು ಇದೆ. ಮೂರು ನಿಮಿಷವೂ ಇಲ್ಲ. ಅಲ್ಲಿಂದ ಶುರು ಮಾಡಿ. ಆಮೇಲೆ ಅದೇ ಆಲ್ಬಂನಲ್ಲಿರುವ ‘ಇಲ್ ತ್ರೊವತೋರೆ’ ಹಾಡುಗಳು. ನಿಮಗೆ ಮೀಂಡ್ ಗೊತ್ತಿರುವುದರಿಂದ ಒಂದು ಸ್ವರದಿಂದ ಇನ್ನೊಂದಕ್ಕೆ ಅವರು ಹೇಗೆ ಹೋಗುತ್ತಾರೆ ಎಂದು ನನ್ನ ವಿದ್ಯಾರ್ಥಿಗಳಿಗಿಂತ ನೀವೇ ಬೇಗ ಹಿಡಿಯುತ್ತೀರಿ.

ಅದು ರುಚಿಸಿದರೆ ಕಾರಯಾನ್ ಜೊತೆಗಿನ 1962ರ ‘ತೋಸ್ಕಾ’, ಜಾರ್ಜ್ ಶೋಲ್ಟಿ ನಡೆಸಿದ ‘ಆಯಿದಾ’. ಕಥೆಯನ್ನು ಮೊದಲು ಓದಿಕೊಂಡು, ಒಂದು ದಿನಕ್ಕೆ ಒಂದೇ ಅಂಕ ಕೇಳಿ. ‘ಆಯಿದಾ’ ಅವರದೇ ಇನ್ನೊಂದು ಇದೆ, 1970ರದು. ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳಿದರೆ ದನಿ ಹತ್ತು ವರ್ಷದಲ್ಲಿ ಹೇಗೆ ಬಲಿಯುತ್ತದೆ ಎಂದು ತಿಳಿಯುತ್ತದೆ. ನನಗೆ ಮೊದಲನೆಯದೇ ಇಷ್ಟ. ಒಪೆರಾದ ಅಬ್ಬರ ಬೇಡ ಅನಿಸಿದ ದಿನ ಬಾರ್ಬರ್ ಅವರ ‘ನಾಕ್ಸ್‌ವಿಲ್: ಸಮರ್ ಆಫ್ 1915’ ಹಾಕಿಕೊಳ್ಳಿ. ಇಂಗ್ಲಿಷ್ ಹಾಡು, ಬೇಸಿಗೆಯ ಸಂಜೆ ಮನೆಯವರೆಲ್ಲ ಹೊರಗೆ ಕೂತ ನೆನಪು. ಚರ್ಚಿನ ಹಾಡುಗಳನ್ನೂ ಬಿಡಬೇಡಿ. ತಾಯಿಯ ಬಾಯಿಂದ ಕಲಿತ ಹಾಡುಗಾರಿಕೆ ಅಲ್ಲಿ ಸಿಗುತ್ತದೆ.

ಕೊನೆಯ ಪ್ರಶ್ನೆ, ನೀವೂ ಆ ದನಿ ತೆಗೆಯಬಹುದೇ? ಅನುಕರಣೆಯಿಂದ ಬೇಡ. ನಿಮ್ಮ ಗುರುಗಳು ಕಲಿಸುತ್ತಿರುವ ದನಿ ಮಾತಿಗೆ ಹತ್ತಿರದ್ದು, ಬಿಚ್ಚು ದನಿ, ಹೆಚ್ಚಿನ ಕೆಲಸ ಎರಡೂವರೆ ಸಪ್ತಕದ ಒಳಗೆ. ಒಪೆರಾದಲ್ಲಿ ಗಂಟಲ ಒಳಗಿನ ಜೋಡಣೆಯೇ ಬೇರೆ. ಎರಡನ್ನೂ ಗುರುವಿಲ್ಲದೆ ಬೆರೆಸಿದರೆ ಶ್ರುತಿ ಅಲ್ಲಾಡುತ್ತದೆ, ಗಂಟಲು ಬಿಗಿಯುತ್ತದೆ. ನಿಜವಾಗಿ ಆಸೆ ಇದ್ದರೆ ಪಾಶ್ಚಾತ್ಯ ಗಾಯನ ಕಲಿಸುವವರ ಹತ್ತಿರ ಬೇರೆಯಾಗಿಯೇ ಕಲಿಯಿರಿ, ನಿಮ್ಮ ಗುರುಗಳಿಗೂ ಹೇಳಿ.

ಉಸಿರಿನ ಒಂದು ಅಭ್ಯಾಸವನ್ನು ಮಾತ್ರ ಧೈರ್ಯವಾಗಿ ತೆಗೆದುಕೊಳ್ಳಬಹುದು. ನೆಟ್ಟಗೆ ನಿಂತು, ಎರಡೂ ಅಂಗೈಗಳನ್ನು ಪಕ್ಕೆಗಳ ಮೇಲಿಟ್ಟು, ಸದ್ದಿಲ್ಲದೆ ಉಸಿರು ತೆಗೆದುಕೊಳ್ಳಿ. ‘ಸ್’ ಎಂದು ಒಂದೇ ಸಮ ಬಿಡಿ. ಪಕ್ಕೆ ತಕ್ಷಣ ಕುಸಿಯದಂತೆ ನೋಡಿಕೊಳ್ಳಿ. ಎಣಿಕೆ ಹೆಚ್ಚಿಸಬೇಕು ಎಂಬ ಹಟ ಬೇಡ, ಸಮವಾಗಿ ಬಂದರೆ ಸಾಕು. ರಿಯಾಜ್‌ಗೆ ಮುಂಚೆ ಐದು ನಿಮಿಷ ಮಾಡಿ. ತಲೆ ತಿರುಗಿದರೆ ಕೂತುಬಿಡಿ. ಮೇಲಿನ ಸ್ವರಕ್ಕೆ ಹೋಗುವಾಗ ಗಂಟಲು ನೋವು ಬಂದರೆ ಆ ದಿನ ನಿಲ್ಲಿಸಿ. ದನಿ ಒಡಕು ಎರಡು ಮೂರು ವಾರವಾದರೂ ಹೋಗದಿದ್ದರೆ ಮನೆಮದ್ದು ಮಾಡುತ್ತಾ ಕೂರದೆ ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಿ.